ಸಿಇಟಿ ತಾಳೆ ಹಾಕಿದೆ, 180ಕ್ಕ 91. ಅಂಕ ಎಲ್ಲಿ ಹೋದ್ವು, ಇನ್ನೊಂದು ವರ್ಷ ಕೂಡಬೇಕಾ?

ಬೆಟಗೇರಿ_ಪಿಸಿಎಂ:

ಎಲ್ಲಾರಿಗೂ ನಮಸ್ಕಾರ. ಎಂಜಿನಿಯರಿಂಗ್ ಸೀಟಿನ ಪ್ರವೇಶ ಪರೀಕ್ಷೆ ಸಿಇಟಿ ನಡೆಸೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ತಾತ್ಕಾಲಿಕ ಕೀ ಉತ್ತರ ಬಿಟ್ಟದ. ಓಎಂಆರ್ (ಉತ್ತರದ ವೃತ್ತ ತುಂಬೋ ಹಾಳಿ) ಕಾಪಿ ಮುಂದಿಟ್ಕೊಂಡು ಎರಡು ಸಲ ತಾಳೆ ಹಾಕೀನಿ. ಲೆಕ್ಕ ಹಿಂಗದ:

ಫಿಸಿಕ್ಸ್: 31 ಸರಿ, 23 ತಪ್ಪು, 6 ಖಾಲಿ
ಕೆಮಿಸ್ಟ್ರಿ: 33 ಸರಿ, 25 ತಪ್ಪು, 2 ಖಾಲಿ
ಮ್ಯಾಥ್ಸ್: 27 ಸರಿ, 22 ತಪ್ಪು, 11 ಖಾಲಿ

ದ್ವಿತೀಯ ಪಿಯು ಪಿಸಿಎಂ 300ಕ್ಕ 264 (88, 91, 85). ಅಲ್ಲಿ 88 ಪರ್ಸೆಂಟ್, ಇಲ್ಲಿ 50. ಇಷ್ಟು ಅಂತರ ಯಾಕ ಅಂತ ಗೊತ್ತಾಗವಲ್ದು. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್ ಸಲುವಾಗಿ ತಯಾರಿ ಮಾಡಿದ್ದಕ್ಕ ಗೊತ್ತಿಲ್ಲದ್ದು ಖಾಲಿ ಬಿಡೋ ರೂಢಿ ಬಿದ್ದದ. ಇನ್ನೊಂದು, ಫಿಸಿಕ್ಸ್‌ನ್ಯಾಗ 40ರಿಂದ 52ರ ತನಕ 13 ಪ್ರಶ್ನೆ ಒಳಗ ಒಂದೇ ಸರಿ ಅದ. ಆ ಪಾಠ ಬರ್ತಿದ್ವು ನನಗ.

ತಪ್ಪು ಎಲ್ಲಿ ಆಗ್ಯದ ಅಂತ ಹುಡುಕೋ ಪದ್ಧತಿ ಯಾವುದು? ರಿಪೀಟ್ ಮಾಡಿದ್ರ ಇದು ಸುಧಾರಿಸ್ತದಾ? ಸಮಾಧಾನ ಹೇಳೋದು ಬ್ಯಾಡ್ರಿ, ಲೆಕ್ಕ ಹೇಳ್ರಿ.

ವಿದ್ಯಾಗಿರಿ_ಮಾಸ್ತರ:

ತಮ್ಮಾ, ಲೆಕ್ಕ ಕೇಳಿದಿ, ಲೆಕ್ಕಾನೇ ಹೇಳ್ತೀನಿ.

ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯು. 91ನ್ನ 180ಕ್ಕ ಭಾಗಿಸಿದ್ರ 50.56. 264ನ್ನ 300ಕ್ಕ ಭಾಗಿಸಿದ್ರ 88. ಎರಡರ ಸರಾಸರಿ 69.28. ರ‍್ಯಾಂಕ್ ನಿಲ್ಲೋದು ಇದರ ಮ್ಯಾಲ, 50ರ ಮ್ಯಾಲ ಅಲ್ಲ. ಸಿಇಟಿಯ ಒಂದು ಪ್ರಶ್ನೆ ಈ ಸರಾಸರಿ ಒಳಗ 0.278 ಕೊಡ್ತದ, ಪಿಯು ಒಂದು ಅಂಕ 0.167 ಕೊಡ್ತದ. ಈ ಎರಡು ಸಂಖ್ಯೆ ಬರದಿಟ್ಕೋ, ಮುಂದಿನ ಮಾತೆಲ್ಲಾ ಇವುಗಳಿಂದಾನ ಅಳಿಬೇಕು.

ಈಗ ನಿನ್ನ 40ರಿಂದ 52. ಉಳಿದ ಫಿಸಿಕ್ಸ್ ನೋಡು. ಬರದದ್ದು 41, ಸರಿ ಬಂದದ್ದು 30. ನಾಲ್ಕರಾಗ ಮೂರು ಸರಿ ಹೊಡಿಯೋ ಹುಡುಗ 13ರಾಗ ಒಂದೇ ಸರಿ ಹೊಡೀತಾನ ಅಂದ್ರ ಅದು ಫಿಸಿಕ್ಸ್ ಸಮಸ್ಯೆ ಅಲ್ಲ. ಕಣ್ಣು ಮುಚ್ಚಿ ಹೊಡದ್ರೂ ಮೂರು ಬರಬೇಕಿತ್ತು. ನನ್ನ ಸಂಶಯ ಸಾಲು ಜಾರ‍್ಯದ ಅಂತ. ಪರೀಕ್ಷೆ ಹಿಂಗ ಮಾಡು:

1. ಓಎಂಆರ್ ಕಾಪಿ ಒಳಗ 53ನೇ ಸಾಲು ಖಾಲಿ ಅದನೋ ಇಲ್ಲೋ ನೋಡು.
2. ಪ್ರಶ್ನೆ ಪುಸ್ತಿಕೆ ತೆಗಿ. 40ನೇ ಪ್ರಶ್ನೆ ಹತ್ತಿರ ರಫ್ ಲೆಕ್ಕ ಅರ್ಧಕ್ಕ ನಿಂತದನೋ, ಏನೂ ಬರದೇ ಇಲ್ಲೋ ನೋಡು.
3. ನಿನ್ನ 40ನೇ ಸಾಲಿನ ಉತ್ತರಾನ ಕೀ ಒಳಗಿನ 41ಕ್ಕ ಹೋಲಿಸು. ನಿನ್ನ 41, ಕೀ 42. ಹಿಂಗ ನಿನ್ನ 52, ಕೀ 53ರ ತನಕ. ಎಷ್ಟು ಕೂಡ್ತಾವ ಎಣಿಸು.

ಮೂರು, ನಾಲ್ಕು ಕೂಡಿದ್ರ ಅದು ಕಾಕತಾಳೀಯ. ಎಂಟು, ಒಂಬತ್ತು ಕೂಡಿದ್ರ ಸಾಲು ಜಾರಿದ್ದು ಖರೆ. 40 ಆಮ್ಯಾಲ ಮಾಡೋಣು ಅಂತ ಬಿಟ್ಟು, 41ರ ಉತ್ತರಾನ 40ರ ಸಾಲಿನ್ಯಾಗ ತುಂಬಿರ್ತಿ. ಎಲ್ಲೋ ಪುಟ ತಿರುವಿದಾಗ ನಂಬರ್ ಕಣ್ಣಿಗೆ ಬಿದ್ದು ತಾನಾಗೇ ಸರಿಹೋಗಿರ್ತದ, ಅದಕ್ಕ 54ರಿಂದ ಮುಂದ ಚೊಲೋ ಅದ.

ಖಾಲಿ ಬಿಟ್ಟ 19ರ ಬಗ್ಗೆ: ಜೆಇಇ ಮೇನ್ ಒಳಗ ತಪ್ಪಿಗೆ ಒಂದು ಅಂಕ ಕಡಿತ ಅದ, ಅಲ್ಲಿ ಬಿಡೋದು ಶಾಣ್ಯಾತನ. ಸಿಇಟಿ ಒಳಗ ಕಡಿತ ಇಲ್ಲ. ನಾಲ್ಕು ಆಯ್ಕೆ, 19 ಖಾಲಿ, ಸುಮ್ಮನ ತುಂಬಿದ್ರೂ ಸರಾಸರಿ 4.75 ಬರ್ತಿದ್ವು. ಅಂದ್ರ ಹತ್ತಿರ ಹತ್ತಿರ 1.3 ರ‍್ಯಾಂಕ್ ಅಂಕ. ಎರಡು ಆಯ್ಕೆ ಹೊಡೆದುಹಾಕಾಕ ಬರೋವಿದ್ರ ಅದರ ದುಪ್ಪಟ್ಟು.

ಇದನ್ನ ಓದೋ ಉಳಿದವರಿಗೆ ಒಂದು ಮಾತು: ತಾಳೆ ಹಾಕಿದಾಗ ಯಾವುದೇ ವಿಷಯದಾಗ 60ಕ್ಕ 14, 15, 16 ಬಂದ್ರ ಅಳಾಕ ಕೂಡಬ್ಯಾಡ್ರಿ. ಮೊದಲ ಪುಸ್ತಿಕೆ ಮ್ಯಾಲಿನ ವರ್ಷನ್ ಕೋಡ್ (ಪ್ರಶ್ನೆಗಳ ಕ್ರಮ ಬದಲಿಸಿದ ಪುಸ್ತಿಕೆ ಯಾವುದು ಅನ್ನೋ ಗುರುತು) ನೋಡ್ರಿ. ಬ್ಯಾರೆ ವರ್ಷನ್ನಿನ ಕೀ ಹಿಡಿದು ನೋಡಿದ್ರ 60ರ ಕಾಲುಭಾಗ, ಅಂದ್ರ 15ರ ಸುತ್ತಮುತ್ತಾನ ಬರ್ತದ.

ಹಾವೇರಿ_ಗಣಿತ:

ಮಾಸ್ತರ ಹೇಳಿದ ಸಾಲು ಜಾರುವ ಪರೀಕ್ಷೆ ಮೊದಲು ಮಾಡಿ. ಅದಾದ ಮೇಲೆ ಉಳಿದ ತಪ್ಪುಗಳನ್ನು ಪಾಠವಾರು ವಿಂಗಡಿಸಲು ಹೋಗಬೇಡಿ. ಎಲ್ಲರೂ ಅದನ್ನೇ ಮಾಡುತ್ತಾರೆ: "ಎಲೆಕ್ಟ್ರೋಸ್ಟ್ಯಾಟಿಕ್ಸ್‌ನಲ್ಲಿ 3 ಹೋಯಿತು, ಇಂಟಿಗ್ರೇಷನ್‌ನಲ್ಲಿ 4 ಹೋಯಿತು" ಎಂದು ಪಟ್ಟಿ ಮಾಡಿ, ಮತ್ತೆ ಆ ಪಾಠ ಓದುತ್ತಾರೆ. ತಪ್ಪಾದದ್ದು ಪಾಠ ಬಾರದೆಯೋ, ಸಮಯ ಸಾಲದೆಯೋ, ಪ್ರಶ್ನೆ ಓದುವುದರಲ್ಲೋ ಎಂದು ಆ ಪಟ್ಟಿ ಹೇಳುವುದಿಲ್ಲ. ಕಾರಣವಾರು ವಿಂಗಡಿಸಿ.

ಕೀ ಮುಚ್ಚಿಡಿ. ತಪ್ಪಾದ ಪ್ರಶ್ನೆಗಳ ಸಂಖ್ಯೆ ಮಾತ್ರ ಒಂದು ಹಾಳೆಯಲ್ಲಿ ಇರಲಿ, ಸರಿ ಉತ್ತರ ಬೇಡ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಒಂದೊಂದನ್ನೇ ಹೊಸದಾಗಿ ಬಿಡಿಸಿ. 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಆದರೆ 60 ವೃತ್ತ ತುಂಬಲು ತಲಾ ಐದು ಸೆಕೆಂಡಿನಂತೆ ಐದು ನಿಮಿಷ ಅಲ್ಲೇ ಹೋಗುತ್ತದೆ, ಹಾಗಾಗಿ ಕೈಯಲ್ಲಿರುವುದು 75. 75 ಸೆಕೆಂಡಿನೊಳಗೆ ಸರಿ ಬಂದರೆ ಮೊದಲ ಗುಂಪು. ಸಮಯ ಮೀರಿ ಸರಿ ಬಂದರೆ ಎರಡನೆಯದು. ಎಷ್ಟು ಹೊತ್ತು ಕೂತರೂ ಬರದಿದ್ದರೆ ಮೂರನೆಯದು. ಗುಂಪಿನ ಎದುರಿಗೆ ಪ್ರಥಮ ಪಿಯು ಪಾಠವೋ ದ್ವಿತೀಯದ್ದೋ ಎಂದೂ ಬರೆಯಿರಿ.

ಮೊದಲ ಗುಂಪು ಓದಿನ ತಪ್ಪಲ್ಲ, ಪ್ರಶ್ನೆ ಓದುವ ತಪ್ಪು. ಒಂದು ಉದಾಹರಣೆ. ಕೆಪಾಸಿಟರ್‌ಗೆ ಡೈಎಲೆಕ್ಟ್ರಿಕ್ ತುಂಬಿದರೆ ಶಕ್ತಿ ಏನಾಗುತ್ತದೆ? ಬ್ಯಾಟರಿ ಜೋಡಿಸಿಯೇ ಇದ್ದರೆ ವೋಲ್ಟೇಜ್ ಸ್ಥಿರ, ಶಕ್ತಿ ಕೆ ಪಟ್ಟು ಹೆಚ್ಚುತ್ತದೆ. ಬ್ಯಾಟರಿ ತೆಗೆದ ಮೇಲೆ ತುಂಬಿದರೆ ಚಾರ್ಜ್ ಸ್ಥಿರ, ಶಕ್ತಿ ಕೆಯಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಎರಡೂ ಉತ್ತರ ಆಯ್ಕೆಗಳಲ್ಲಿ ಇದ್ದೇ ಇರುತ್ತವೆ. ಪಿಯು ಪರೀಕ್ಷೆಯಲ್ಲಿ ಇದೇ ಪಾಠದ ವ್ಯುತ್ಪತ್ತಿ ಬರೆದು ಐದಕ್ಕೆ ಐದು ಪಡೆದವರು ಇಲ್ಲಿ "ತೆಗೆದ ನಂತರ" ಎಂಬ ಎರಡು ಪದ ದಾಟಿ ಹೋಗಿ ಸೊನ್ನೆ ಪಡೆಯುತ್ತಾರೆ. 88ಕ್ಕೂ 50ಕ್ಕೂ ನಡುವಿನ ಅಂತರದ ಒಂದು ಪಾಲು ಇಲ್ಲಿದೆ. ಪಿಯು ಉತ್ತರಪತ್ರಿಕೆಯಲ್ಲಿ ಹಂತಕ್ಕೆ ಅಂಕ ಇದೆ, ಓಎಂಆರ್‌ನಲ್ಲಿ ಹಂತವೇ ಇಲ್ಲ.

ಎರಡನೇ ಗುಂಪು ಬಹುತೇಕ ಗಣಿತದ್ದೇ ಆಗಿರುತ್ತದೆ. ಸೊನ್ನೆಯಿಂದ ಪೈ ಬೈ ಟೂ ವರೆಗಿನ ಇಂಟಿಗ್ರಲ್, ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್. ಎಕ್ಸ್ ಜಾಗಕ್ಕೆ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿ, ಎರಡೂ ಕೂಡಿಸಿದರೆ ಒಳಗೆ ಉಳಿಯುವುದು ಒಂದು. ಉತ್ತರ ಪೈ ಬೈ ಫೋರ್. ಗುಣಧರ್ಮ ನೆನಪಾದವರಿಗೆ 15 ಸೆಕೆಂಡು, ಆದೇಶ ಹಾಕಿ ಬಿಡಿಸಲು ಹೊರಟವರಿಗೆ ನಾಲ್ಕು ನಿಮಿಷ ಕಳೆದರೂ ಮುಗಿಯದು. ಇಂಥವು ಆರು ಬಂದರೆ 11 ಖಾಲಿ ಉಳಿಯುವುದರಲ್ಲಿ ಆಶ್ಚರ್ಯ ಏನಿದೆ?

ಸರಿ ಬಂದ 91ರಲ್ಲೂ ಎಷ್ಟು ಅಂದಾಜಿನಲ್ಲಿ ಹೊಡೆದದ್ದು ಎಂದು ಗುರುತು ಹಾಕಿ. ನೆನಪು ಎರಡು ಮೂರು ದಿನದಲ್ಲಿ ಅಳಿಸಿ ಹೋಗುತ್ತದೆ, ಈಗಲೇ ಮಾಡಿ. ಮುಂದಿನ ವರ್ಷ ಅದೇ ಅದೃಷ್ಟ ಇರುತ್ತದೆಂದು ಲೆಕ್ಕ ಹಾಕುವಂತಿಲ್ಲ.

ಬೆಟಗೇರಿ_ಪಿಸಿಎಂ:

ಮಾಸ್ತರ, 53 ಖಾಲಿ ಅದ. 40ನೇ ಪ್ರಶ್ನೆ ಪಕ್ಕ ಒಂದು ಸಮೀಕರಣ ಬರದು ಬಿಟ್ಟೀನಿ. ಒಂದು ಸಾಲು ಸರಿಸಿ ಹೋಲಿಸಿದ್ರ 13ರಾಗ 9 ಕೂಡಿದ್ವು. ಅಂದ್ರ 8 ಅಂಕ ಬರೇ ತುಂಬೋದ್ರಾಗ ಹೋದ್ವು.

ಮೇಡಂ, ನೀವು ಹೇಳಿದಂಗ ಎರಡು ದಿನ ಕುಂತು ಮಾಡೀನಿ. ಜಾರಿದ ಸಾಲಿನ್ಯಾಗ ಖರೇನ ತಪ್ಪಿದ್ದ 4 ಸೇರಿಸಿ ಒಟ್ಟು 62.

75 ಸೆಕೆಂಡ್ ಒಳಗ ಬಂದದ್ದು 15 (ಕೆಮಿಸ್ಟ್ರಿ 9, ಫಿಸಿಕ್ಸ್ 3, ಮ್ಯಾಥ್ಸ್ 3). ಟೈಮ್ ಮೀರಿ ಬಂದದ್ದು 20 (ಮ್ಯಾಥ್ಸ್ 14, ಫಿಸಿಕ್ಸ್ 4, ಕೆಮಿಸ್ಟ್ರಿ 2). ಬರದೇ ಇದ್ದದ್ದು 27 (ಕೆಮಿಸ್ಟ್ರಿ 14, ಫಿಸಿಕ್ಸ್ 8, ಮ್ಯಾಥ್ಸ್ 5). ಬರದೇ ಇದ್ದ 27ರಾಗ 12 ಪ್ರಥಮ ಪಿಯು ಪಾಠ, ಅದರಾಗ 8 ಕೆಮಿಸ್ಟ್ರಿ. ಸರಿ ಬಂದದ್ರಾಗ ತುಕ್ಕಾ ಹೊಡದದ್ದು 10.

ಕೆಮಿಸ್ಟ್ರಿ 9 ಒಳಗ 5 "ಸರಿಯಲ್ಲದ ಹೇಳಿಕೆ ಯಾವುದು" ಅನ್ನೋವು. ನಾನು ಸರಿ ಇದ್ದದ್ದನ್ನ ತುಂಬಿ ಬಂದೀನಿ. 8 ಅಂಕದ ಸಲುವಾಗಿ ಕೆಇಎಗೆ ಅರ್ಜಿ ಕೊಡಾಕ ಬರ್ತದಾ?

ವಿದ್ಯಾಗಿರಿ_ಮಾಸ್ತರ:

ಇಲ್ಲ. ಯಂತ್ರ ಯಾವ ಸಾಲಿನ್ಯಾಗ ಯಾವ ವೃತ್ತ ಕರಿ ಆಗ್ಯದ ಅನ್ನೋದನ್ನ ಓದ್ತದ, ನಿನ್ನ ಮನಸ್ಸಿನ್ಯಾಗ ಏನಿತ್ತು ಅನ್ನೋದನ್ನ ಓದೂದಿಲ್ಲ. ಆಕ್ಷೇಪಣೆ ಇರೋದು ಕೀ ಉತ್ತರದ ಮ್ಯಾಲ ಅಷ್ಟೇ.

ಜಾರಬಾರದು ಅಂದ್ರ ಪ್ರಶ್ನೆ ಬಿಡೋ ಪದ್ಧತಿ ಬದಲಿಸಬೇಕು. ಬಿಟ್ಟ ಪ್ರಶ್ನೆ ನಂಬರಿಗೆ ಪುಸ್ತಿಕೆ ಒಳಗ ದೊಡ್ಡದೊಂದು ಸುತ್ತು ಹಾಕು. ಓಎಂಆರ್ ಮ್ಯಾಲ ಪೆನ್ಸಿಲ್ ಗುರುತು, ಚುಕ್ಕಿ ಏನೂ ಬ್ಯಾಡ, ರಫ್ ಲೆಕ್ಕಾನೂ ಬ್ಯಾಡ, ಅಂಚಿನ ಕರಿ ಟೈಮಿಂಗ್ ಗುರುತು ಕೆಡಿಸಬ್ಯಾಡ. ಪೆನ್ ಊರೋಕ್ಕಿಂತ ಮೊದಲ ಪ್ರಶ್ನೆ ನಂಬರ್ ಮನಸ್ಸಿನ್ಯಾಗ ಅಂದು, ಅದೇ ನಂಬರಿನ ಸಾಲಿಗೆ ಎಡಗೈ ಬೆರಳು ಇಡು. ಪ್ರತಿ ಹತ್ತಕ್ಕ ನಿಂತು ನೋಡು: ಪುಸ್ತಿಕೆ ಒಳಗ 30 ಮುಗಿದಿದ್ರ ಓಎಂಆರ್ ಒಳಗ ಕಡೇ ತುಂಬಿದ್ದು 30 ಇರಬೇಕು. ನಾಕ್ ಸೆಕೆಂಡಿನ ಕೆಲಸ. ಎಲ್ಲಾ ಬಿಡಿಸಿ ಕಡೀಗೆ ಒಮ್ಮೆಲೇ ತುಂಬ್ತೀನಿ ಅನ್ನೋರಿಗೆ ಈ ಅಪಘಾತ ಭಾಳ, ಯಾಕಂದ್ರ ಆ ಹೊತ್ತಿಗೆ 11.45 ಆಗಿರ್ತದ, 11.50ಕ್ಕ ಕಡೇ ಗಂಟಿ.

ಹಾವೇರಿ_ಗಣಿತ:

ನಿಮ್ಮ ಲೆಕ್ಕ ಬಂದ ಮೇಲೆ ಚಿತ್ರ ಬದಲಾಯಿತು. ಕೂಡಿಸಿ ನೋಡಿ. ಸಾಲು ಜಾರಿದ್ದು 8, ಖಾಲಿ ತುಂಬಿದ್ದರೆ ಸುಮಾರು 5, ಓದುವ ತಪ್ಪಿನ 15ರಲ್ಲಿ ಅರ್ಧ ಉಳಿಸಿಕೊಂಡರೂ 7. ಒಟ್ಟು 20. ಹೊಸದಾಗಿ ಒಂದು ಪಾಠವನ್ನೂ ಓದದೆ 91 ಇದ್ದದ್ದು 111. ಸಿಇಟಿ 61.67 ಪರ್ಸೆಂಟ್, ರ‍್ಯಾಂಕ್ ಅಂಕ 74.83. ಅಂದರೆ 69.28ರಿಂದ ಐದೂವರೆ ಮೇಲೆ.

ತುಕ್ಕಾದ 10ನ್ನು ನಾನು ಕಳೆದಿಲ್ಲ, ನೀವು ಕಳೆದು ನೋಡಬೇಕು. ಆ ಹತ್ತೂ ಅದೃಷ್ಟವೇ ಆಗಿದ್ದರೆ 111 ಎಂಬುದು 101ಕ್ಕೆ ಇಳಿಯುತ್ತದೆ. ಎರಡು ಆಯ್ಕೆ ಹೊಡೆದುಹಾಕಿ ಆರಿಸಿದ್ದು ಎಷ್ಟು, ಕಣ್ಣು ಮುಚ್ಚಿ ಹೊಡೆದದ್ದು ಎಷ್ಟು ಎಂದು ಬೇರೆ ಮಾಡಿ. ಮೊದಲನೆಯದು ಅರ್ಧ ಜ್ಞಾನ, ಅದು ಮುಂದೆಯೂ ಕೈಹಿಡಿಯುತ್ತದೆ.

ಮತ್ತೆ ಕೂಡುವುದೇ ಆದರೆ ದುಡಿಮೆ ಎರಡು ಕಡೆ ಇರಲಿ. ಒಂದು, ಪ್ರಥಮ ಪಿಯು ಕೆಮಿಸ್ಟ್ರಿಯ ಆ 8. ದ್ವಿತೀಯ ವರ್ಷ ಇಡೀ ಪಬ್ಲಿಕ್ ಪರೀಕ್ಷೆಯ ಗದ್ದಲದಲ್ಲಿ ಪ್ರಥಮ ವರ್ಷದ ಪುಸ್ತಕ ಅಟ್ಟ ಸೇರಿರುತ್ತದೆ, ಸಿಇಟಿ ಅದನ್ನೂ ಕೇಳುತ್ತದೆ. ಇನ್ನೊಂದು, ಗಣಿತದ 14. ಅದಕ್ಕೆ ಪಾಠ ಕೇಳುವುದು ಬೇಡ, ಗಡಿಯಾರ ಬೇಕು. 80 ನಿಮಿಷವನ್ನು ಹೀಗೆ ಒಡೆಯಿರಿ: ಮೊದಲ 45 ನಿಮಿಷ ಇಡೀ ಪತ್ರಿಕೆಯ ಮೇಲೆ ಒಂದು ಸುತ್ತು, ದಾರಿ ಕಂಡದ್ದನ್ನು ಮಾತ್ರ ಮುಟ್ಟುವುದು. ಮುಂದಿನ 27 ನಿಮಿಷ ಸುತ್ತು ಹಾಕಿ ಬಿಟ್ಟವು. ಕೊನೆಯ 8 ನಿಮಿಷ ಹೊಸ ಲೆಕ್ಕ ಇಲ್ಲ, ಖಾಲಿ ಸಾಲು ತುಂಬುವುದು, ನಂಬರ್ ತಾಳೆ ನೋಡುವುದು. "ಸರಿಯಲ್ಲದ" ಎಂಬ ಪದ ಕಂಡ ಕೂಡಲೇ ಅದರ ಕೆಳಗೆ ಗೆರೆ ಎಳೆದು, ನಾಲ್ಕೂ ಹೇಳಿಕೆಯ ಪಕ್ಕ ಸರಿ ತಪ್ಪು ಗುರುತು ಹಾಕಿ, ಒಂಟಿಯಾಗಿ ಉಳಿದದ್ದನ್ನು ಆರಿಸಿ.

ಹಳೆಯ ಪತ್ರಿಕೆ ತೆಗೆಯುವಾಗ 2024ರದ್ದರಲ್ಲಿ ಹುಷಾರು. ಆ ವರ್ಷ ಜೀವಶಾಸ್ತ್ರವೂ ಸೇರಿ ನಾಲ್ಕೂ ವಿಷಯಗಳಲ್ಲಿ ಒಟ್ಟು 50 ಪ್ರಶ್ನೆ ಪಠ್ಯದ ಹೊರಗಿನವೆಂದು ಮೌಲ್ಯಮಾಪನದಿಂದ ಕೈಬಿಟ್ಟರು. ಅವನ್ನು ಮೊದಲು ಹೊಡೆದುಹಾಕಿ, ಆಮೇಲೆ ಗಡಿಯಾರ ಇಟ್ಟುಕೊಳ್ಳಿ. ಇಲ್ಲವಾದರೆ ಸುಳ್ಳು ಅಂಕ ಬರುತ್ತದೆ.

ಹುಬ್ಬಳ್ಳಿ_ಆಪ್ಷನ್_ಎಂಟ್ರಿ:

ನಾನು ಒಂದು ಅಡ್ಡ ಮಾತು ಹಾಕ್ತೀನ್ರಿ. ಮೇಡಂ ತೋರಿಸಿದ 20ರಾಗ 13 ಅಂಕ ಸಾಲು ಜಾರಿದ್ದು, ಖಾಲಿ ಬಿಟ್ಟದ್ದು. ಅದನ್ನ ಕಲಿಯಾಕ ಒಂದು ವರ್ಷ ಬೇಕಾ? ನಾಲ್ಕು ಹಳೇ ಪೇಪರ್, ನಾಲ್ಕು ಓಎಂಆರ್ ಹಾಳಿ ಸಾಕು. ಕೋಚಿಂಗ್ ಸಲುವಾಗಿ ಧಾರವಾಡದ ಸಪ್ತಾಪುರದಾಗ ರೂಮ್ ಹಿಡಿದು ವರ್ಷಗಟ್ಟಲೆ ಕುಂತು ಮತ್ತ ಸಾಲು ತಪ್ಪಿಸಿದವರು ಇಲ್ಲೇನು? ರಿಪೀಟ್ ಅನ್ನೋದಕ್ಕ ಕಾರಣ ಆ ಮೂರನೇ ಗುಂಪಿನ 27 ಆಗಬೇಕು. 27 ಅಂದ್ರ ಅಷ್ಟೇನೂ ದೊಡ್ಡದಲ್ಲ.

ಪಿಯು ಕಡೆ ಯಾರೂ ನೋಡವಲ್ರು. 2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷೆ ಅದಾವ, ಪಾಸಾದವರೂ ಅಂಕ ಹೆಚ್ಚಿಸ್ಕೊಳ್ಳಾಕ ಕೂಡಬಹುದು, ಹೆಚ್ಚು ಬಂದದ್ದು ಉಳೀತದ. ಮ್ಯಾಥ್ಸ್ 85 ಇದ್ದದ್ದು 95 ಆದ್ರ ರ‍್ಯಾಂಕ್ ಅಂಕಕ್ಕ 1.67. ಅದು ಸಿಇಟಿಯ 6 ಪ್ರಶ್ನೆಗೆ ಸಮ. ಈ ಸಲದ ರ‍್ಯಾಂಕಿಗೆ ಆ ಅಂಕ ಹಿಡೀತಾರೋ, ಯಾವ ತಾರೀಖಿನೊಳಗ ಹಾಕಬೇಕು ಅನ್ನೋದನ್ನ ಕೆಇಎ ಪ್ರಕಟಣೆ ಒಳಗ ಓದಿ ಖಾತ್ರಿ ಮಾಡ್ಕೋ. ಕೂಡೋದಾದ್ರ ಅದೇ ಮೊದಲ.

ಇನ್ನ ಸೀಟು. 69 ಅಂಕಕ್ಕ ಯಾವ ಕಾಲೇಜು ಅಂತ ಕೇಳೋದು ಬಿಡು, ರ‍್ಯಾಂಕ್ ಬರಲಿ. ಪೇಪರ್ ಸರಳ ಇದ್ದ ವರ್ಷ ಎಲ್ಲಾರ ಅಂಕಾನೂ ಏರ್ತಾವ. ಹಿಂದಿನ ವರ್ಷದ ಕಟ್ ಆಫ್ ರ‍್ಯಾಂಕ್ ತೆಗೆದು, ನಿನ್ನ ಕೆಟಗರಿ ಕಾಲಮ್ಮು, ಯಾವ ಸುತ್ತು ಅನ್ನೋದು ನೋಡಿ ಹೋಲಿಸು. 2021ರದ್ದು ಮುಟ್ಟಬ್ಯಾಡ, ಆ ವರ್ಷ ಪಿಯು ಪರೀಕ್ಷೆನೇ ನಡೀಲಿಲ್ಲ, ರ‍್ಯಾಂಕ್ ಬರೇ ಸಿಇಟಿ ಮ್ಯಾಲ ಕೊಟ್ರು. ಪಟ್ಟಿ ಒಳಗ 371(ಜೆ), ಅಂದ್ರ ಕಲ್ಯಾಣ ಕರ್ನಾಟಕದವರ ಮೀಸಲಾತಿ ಕಾಲಮ್ ಬ್ಯಾರೆ ಇರ್ತದ. ಅದು ಪಕ್ಕದ ಕೊಪ್ಪಳದವರಿಗೆ ಅದ, ನಿಮ್ಮ ಗದಗ-ಬೆಟಗೇರಿಯವರಿಗೆ ಇಲ್ಲ. ಆ ಕಾಲಮ್ ನೋಡಿ ಖುಷಿಪಟ್ಟು ಆಮ್ಯಾಲ ಬೇಜಾರಾಗೋರು ವರ್ಷಾ ಇರ್ತಾರ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಬೇಕಂದ್ರ 1ರಿಂದ 10ನೇ ತರಗತಿ ಪೂರಾ ಹತ್ತು ವರ್ಷದ ದಾಖಲೆ ಬೇಕು, ಒಂದು ವರ್ಷ ಕಡಿಮಿ ಇದ್ದರೂ ನಡೆಯೂದಿಲ್ಲ.

ಆಪ್ಷನ್ ಎಂಟ್ರಿ, ಅಂದ್ರ ಬೇಕಾದ ಕಾಲೇಜಿನ ಪಟ್ಟಿ ತುಂಬುವಾಗ ನಿನಗ ಸಿಗ್ತದ ಅನ್ನೋ ಕ್ರಮದಾಗ ಬರೀಬ್ಯಾಡ, ನಿನಗ ಬೇಕು ಅನ್ನೋ ಕ್ರಮದಾಗ ಬರಿ. ಹುಬ್ಬಳ್ಳಿ ಕೆಎಲ್ಇ ಟೆಕ್, ಧಾರವಾಡದ ಎಸ್‌ಡಿಎಂ ಮ್ಯಾಲ ಇಡು, ಕಂಪ್ಯೂಟರ್ ಸೈನ್ಸ್ ಸಿಗದಿದ್ರ ಅಲ್ಲೇ ಇಲೆಕ್ಟ್ರಾನಿಕ್ಸ್ ಬೇಕೋ, ಇಲ್ಲಾ ಮನಿ ಹತ್ತಿರ ಗದಗಿನ ತೋಂಟದಾರ್ಯ ಕಾಲೇಜಿನ್ಯಾಗ ಕಂಪ್ಯೂಟರ್ ಸೈನ್ಸ್ ಬೇಕೋ ಅನ್ನೋದನ್ನ ಮನ್ಯಾಗ ಕುಂತು ಮೊದಲ ತೀರ್ಮಾನ ಮಾಡು. ಹಾವೇರಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಫೀ ಹಿಡಿತದಾಗ ಇರಲಿ ಅನ್ನೋರು ಮರೀಬಾರದು. ಮೇಲಿನ ಆಪ್ಷನ್ ಸಿಗದಿದ್ರ ಯಂತ್ರ ಕೆಳಗಿನದ್ದಕ್ಕ ಇಳೀತದ, ಮ್ಯಾಲ ದೊಡ್ಡದು ಬರದದ್ದಕ್ಕ ಯಾವ ನಷ್ಟಾನೂ ಇಲ್ಲ. ಬರೀದೇ ಇದ್ದ ಕಾಲೇಜು ಮಾತ್ರ ಎಂದೂ ಸಿಗೂದಿಲ್ಲ. ಅಣಕು ಹಂಚಿಕೆ ಬಂದ ಮ್ಯಾಲ ಕ್ರಮ ಬದಲಿಸಾಕ ಅವಕಾಶ ಇರ್ತದ.

ಸೀಟು ಬಂದ ಮ್ಯಾಲ ಚಾಯ್ಸ್ 2 ಅಂದ್ರ ಇದು ಕೈಯಾಗಿರಲಿ, ಮ್ಯಾಲಿನದ್ದಕ್ಕ ಮುಂದಿನ ಸುತ್ತಿಗೆ ಹೋಗ್ತೀನಿ. ಚಾಯ್ಸ್ 3 ಅಂದ್ರ ಇದು ಬ್ಯಾಡ, ಮುಂದಿನ ಸುತ್ತು ನೋಡ್ತೀನಿ. 3 ಒತ್ತಿದ್ರ ಕೈಯಾಗಿದ್ದ ಸೀಟು ಹೋತು. ಸೈಬರ್ ಸೆಂಟರಿನವರ ಕೈಲೆ ಒತ್ತಿಸಬ್ಯಾಡ, ಓದಿ ನೀನೇ ಒತ್ತು.

ಬೆಟಗೇರಿ_ಪಿಸಿಎಂ:

ಪರೀಕ್ಷೆ-2ಕ್ಕ ಮ್ಯಾಥ್ಸ್ ಕಟ್ಟಾಕ ಬರ್ತದೇನು ಅಂತ ನಾಳೆ ಕಾಲೇಜಿಗೆ ಹೋಗಿ ಕೇಳ್ತೀನ್ರಿ. ಒಂದೇ ಒಂದು ಉಳೀತು. ಕೆಮಿಸ್ಟ್ರಿ ಒಂದು ಪ್ರಶ್ನೆಗೆ ನನ್ನ ಪ್ರಕಾರ ಎರಡು ಉತ್ತರ ಸರಿ ಅದಾವ. ಆಕ್ಷೇಪಣೆ ಹಾಕಿದ್ರ ಉಪಯೋಗ ಆಗ್ತದಾ?

ಹಾವೇರಿ_ಗಣಿತ:

ಹಾಕಿ. ಕೆಇಎ ಪೋರ್ಟಲ್‌ನಲ್ಲಿ ವಿಷಯ, ವರ್ಷನ್ ಕೋಡ್, ಆ ವರ್ಷನ್‌ನಲ್ಲಿನ ಪ್ರಶ್ನೆ ಸಂಖ್ಯೆ, ಸಮರ್ಥನೆ, ಜೊತೆಗೆ ದಾಖಲೆಯ ಪಿಡಿಎಫ್. ದಾಖಲೆ ಎಂದರೆ ಪಿಯು ಪಠ್ಯಪುಸ್ತಕದ ಪುಟ. ಗೈಡ್ ಪುಟ, ಯೂಟ್ಯೂಬ್ ವಿಡಿಯೋದ ಚಿತ್ರ ಹಾಕಿದರೆ ತೂಕ ಇರುವುದಿಲ್ಲ. ಮುಖಪುಟ, ಸಂಬಂಧಪಟ್ಟ ಪುಟ ಎರಡನ್ನೂ ಸ್ಕ್ಯಾನ್ ಮಾಡಿ, ಸಾಲಿಗೆ ಗೆರೆ ಎಳೆದು, "ಇಂಥ ಪುಟದ ಇಂಥ ಸಾಲಿನ ಪ್ರಕಾರ ಎರಡನೇ ಆಯ್ಕೆಯೂ ಸರಿ" ಎಂದು ಎರಡೇ ವಾಕ್ಯ ಬರೆಯಿರಿ. "ಪ್ರಶ್ನೆ ಗೊಂದಲವಾಗಿದೆ" ಎಂದಷ್ಟೇ ಬರೆದರೆ ಯಾರೂ ಓದುವುದಿಲ್ಲ. ಒಪ್ಪಿದರೆ ಅಂತಿಮ ಕೀಯಲ್ಲಿ ಬದಲಾಗಿ ಎಲ್ಲರಿಗೂ ಅನ್ವಯಿಸುತ್ತದೆ. ಕೊನೆಯ ದಿನದ ಸಂಜೆಗೆ ಕಾಯಬೇಡಿ, ಆ ಹೊತ್ತಿಗೆ ಪೋರ್ಟಲ್ ತೆವಳುತ್ತಿರುತ್ತದೆ.

ವಿದ್ಯಾಗಿರಿ_ಮಾಸ್ತರ:

ಓಎಂಆರ್ ಕಾಪಿ ಮಡಚಿ ಕಿಸೆದಾಗ ಇಟ್ಕೊಂಡು ಅಡ್ಡಾಡಬ್ಯಾಡ. ಎರಡು ಝೆರಾಕ್ಸ್ ತೆಗೆಸಿ ಅಸಲು ಪ್ಲಾಸ್ಟಿಕ್ ಕವರ್‌ನ್ಯಾಗ ಇಡು. ಕಡಿಮಿ ಅಂದ್ರ ಒಂದು ವರ್ಷ ಇಟ್ಕೋರಿ ಅಂತ ಪರೀಕ್ಷೆ ಸೂಚನೆ ಒಳಗಾನ ಬರದಿರ್ತಾರ.